650 ಎಚ್‌ಪಿ ಪುಲ್ಲಿಂಗ್ ಟ್ರ್ಯಾಕ್ಟರ್‌ಗೆ ಯಾವ ಕ್ಲಚ್: ಎರಡು ಪ್ಲೇಟಿನದೋ, ಸ್ಲೈಡರೋ?

ಕೆಂಪುಹುಡ್

ಎಲ್ಲರಿಗೂ ನಮಸ್ಕಾರ. ಅಮೆರಿಕದ ಇಲಿನಾಯ್‌ನಲ್ಲಿ ಕೌಂಟಿ ಜಾತ್ರೆಗಳಲ್ಲಿ ಎಳೆಯೋಕೆ ಒಂದು ಐಎಚ್ (ಇಂಟರ್‌ನ್ಯಾಷನಲ್ ಹಾರ್ವೆಸ್ಟರ್) 1066 ಟ್ರ್ಯಾಕ್ಟರ್ ತಯಾರಾಗ್ತಿದೆ. ಕ್ಲಚ್ ವಿಷಯದಲ್ಲಿ ತಂಡದಲ್ಲಿ ಒಮ್ಮತ ಇಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಪುಲ್ಲಿಂಗ್ ನೋಡದವರಿಗೆ ಎರಡು ಮಾತು. ಟ್ರ್ಯಾಕ್ಟರ್ ಹಿಂದೆ ಸ್ಲೆಡ್ (ತೂಕ ಹೇರಿದ ಬಂಡಿ) ಕೊಕ್ಕೆ ಹಾಕಿ 300 ಅಡಿ ಮಣ್ಣಿನ ಟ್ರ್ಯಾಕ್ ಮೇಲೆ ಎಳೀಬೇಕು. ಸ್ಲೆಡ್ ಮೇಲಿನ ತೂಕದ ಪೆಟ್ಟಿಗೆ ಶುರುವಿನಲ್ಲಿ ಸ್ಲೆಡ್ಡಿನ ಹಿಂದಿನ ಗಾಲಿಗಳ ಮೇಲಿರುತ್ತೆ. ಮುಂದೆ ಹೋದಂತೆಲ್ಲ ಅದು ಟ್ರ್ಯಾಕ್ಟರ್ ಕಡೆಗೆ ಸರಿದು, ಸ್ಲೆಡ್ಡಿನ ಮುಂಭಾಗದ ತಟ್ಟೆಯನ್ನ ನೆಲಕ್ಕೆ ಒತ್ತುತ್ತೆ. ಅಂದ್ರೆ ಭಾರ ಶುರುವಿನಲ್ಲಿ ಕಡಿಮೆ, ಕೊನೆಗೆ ಎಂಜಿನ್ ಉಸಿರು ನಿಲ್ಲೋವರೆಗೂ ಏರ್ತಾನೇ ಇರುತ್ತೆ.

ಗಾಡಿಯ ವಿವರ:

ಎಂಜಿನ್ ಡಿಟಿ 466, 7.6 ಲೀಟರ್, ದೊಡ್ಡ ಪಂಪ್, ಒಂದೇ ಟರ್ಬೊ. ಡೈನೊ (ಎಂಜಿನ್ ಶಕ್ತಿ ಅಳೆಯೋ ಯಂತ್ರ) ಮೇಲೆ 2,900 ಆರ್‌ಪಿಎಂನಲ್ಲಿ 650 ಎಚ್‌ಪಿ. ಮಿತಿ 3,000. ಒಟ್ಟು ತೂಕ 9,500 ಪೌಂಡ್, ಅಂದ್ರೆ ಸುಮಾರು 4,300 ಕೆಜಿ. ಟೈರ್ 20.8-38. ಟಾರ್ಕ್ ಆಂಪ್ಲಿಫೈಯರ್ (ಓಡ್ತಿರುವಾಗಲೇ ಗೇರ್ ತಗ್ಗಿಸೋ ಭಾಗ) ತೆಗೆದು ಡೈರೆಕ್ಟ್ ಡ್ರೈವ್ ಶಾಫ್ಟ್ ಹಾಕಿದೆ. ಈಗಿರೋದು 14 ಇಂಚಿನ ಒಂಟಿ ಡ್ರೈ ಪ್ಲೇಟ್. ಅದು 105 ಎಚ್‌ಪಿ ಪಿಟಿಒಗೆ (ಉಪಕರಣ ತಿರುಗಿಸೋ ಹಿಂದಿನ ಶಾಫ್ಟ್) ಅಂತ ಮಾಡಿದ ಟ್ರ್ಯಾಕ್ಟರಿಂದು, ಇಲ್ಲಿಗೆ ಸಾಲದು ಅನ್ನೋದರಲ್ಲಿ ಜಗಳ ಇಲ್ಲ.

ಮುಂದಿರೋ ದಾರಿ ಮೂರು:

1. ಅದೇ 14 ಇಂಚು, ಒಂಟಿ ಪ್ಲೇಟ್, ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಸಿ ಮಾಡಿದ) ಪ್ಯಾಡ್, ಗಟ್ಟಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತೋ ಭಾಗ).
2. 14 ಇಂಚಿನ ಎರಡು ಪ್ಲೇಟ್, ಬರೀ ಸ್ಪ್ರಿಂಗ್ ಒತ್ತಡ.
3. 11 ಇಂಚಿನ ಮೂರು ಪ್ಲೇಟ್ ಸ್ಲೈಡರ್: ಕಡಿಮೆ ಸ್ಪ್ರಿಂಗ್, ಮೇಲೆ ತಿರುಗುವಾಗ ಒತ್ತೋ ತೂಕದ ಲಿವರ್‌ಗಳು.

ನಮ್ಮ ಕ್ಲಾಸಿನ ನಿಯಮದಲ್ಲಿ ಮೂರಕ್ಕೂ ಅಡ್ಡಿ ಇಲ್ಲ. "650 ಎಚ್‌ಪಿ ಅಲ್ವಾ, ಸ್ಲೈಡರ್ ಹಾಕಿ ಸುಮ್ನಿರಿ" ಅಂತ ಅರ್ಧ ಜನ ಹೇಳ್ತಾರೆ. ಹೌದಾ?

ಟಾರ್ಕ್‌ಲೆಕ್ಕ

ಕೆಂಪುಹುಡ್ ಅವರೇ, ಎಚ್‌ಪಿ ನೋಡಿ ಕ್ಲಚ್ ಆರಿಸಬೇಡಿ. ಕ್ಲಚ್‌ಗೆ ಗೊತ್ತಿರೋದು ಟಾರ್ಕ್ (ತಿರುಗಿಸೋ ಬಲ) ಮಾತ್ರ. ಅದರಲ್ಲೂ ನೋಡಬೇಕಾದ್ದು 2,900 ಆರ್‌ಪಿಎಂನ ಟಾರ್ಕ್ ಅಲ್ಲ. 250 ಅಡಿ ದಾಟಿದ ಮೇಲೆ ಸ್ಲೆಡ್ ಎಂಜಿನ್ನನ್ನ ಯಾವ ಆರ್‌ಪಿಎಂಗೆ ಇಳಿಸುತ್ತೋ ಅಲ್ಲಿಯದು.

650 ಎಚ್‌ಪಿ ಅಂದ್ರೆ 485 ಕಿಲೋವ್ಯಾಟ್. ಅದನ್ನ 9,549ರಿಂದ ಗುಣಿಸಿ 2,900ರಿಂದ ಭಾಗಿಸಿ: ಸುಮಾರು 1,600 ನ್ಯೂಟನ್ ಮೀಟರ್. ಆದ್ರೆ ಟರ್ಬೊ ಡೀಸೆಲ್ ಆರ್‌ಪಿಎಂ ಇಳಿದಂತೆ ಟಾರ್ಕ್ ಏರಿಸುತ್ತೆ. ಶೇ. 25 ಏರಿದ್ರೂ 2,000 ಆಯ್ತು. ಡೈನೊ ಹಾಳೆಯಲ್ಲಿ ಗರಿಷ್ಠ ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ ಅಂತ ನೋಡಿ ಹಾಕಿ. ಅದಿಲ್ಲದೆ ಕೊನೇ ಮಾತು ಹೇಳೋಕಾಗಲ್ಲ.

ಅದರ ಮೇಲೆ ಶೇ. 30 ಕೈಯಲ್ಲಿಟ್ಟುಕೊಳ್ಳಿ. ಯಾಕೆ 30? ಫ್ಲೈವೀಲ್, ಕ್ರ್ಯಾಂಕ್ ಎಲ್ಲ ಸೇರಿ ಜಡತ್ವ 1.5 ಕೆಜಿ ಚದರ ಮೀಟರ್ ಅಂತ ಹಿಡಿಯಿರಿ. ಸಡಿಲ ಮಣ್ಣಲ್ಲಿ ಸುತ್ತುತ್ತಿದ್ದ ಟೈರ್ ಇದ್ದಕ್ಕಿದ್ದಂತೆ ಗಟ್ಟಿ ಜಾಗ ಕಚ್ಚಿ, ಎಂಜಿನ್ 0.2 ಸೆಕೆಂಡಲ್ಲಿ 2,900ರಿಂದ 2,150ಕ್ಕೆ ಬಿದ್ರೆ, ಫ್ಲೈವೀಲ್ ಒಂದೇ 590 ನ್ಯೂಟನ್ ಮೀಟರ್ ಹೆಚ್ಚುವರಿ ತಳ್ಳುತ್ತೆ. ಅದೇ ಇಳಿತ ಒಂದು ಸೆಕೆಂಡ್ ತಗೊಂಡ್ರೆ 120 ಅಷ್ಟೆ. ಹೀಗಾಗಿ ಸದ್ಯದ ಗುರಿ 2,600.

ಕ್ಲಚ್ ಹಿಡಿಯೋ ಟಾರ್ಕ್ = ಮುಖಗಳ ಸಂಖ್ಯೆ × ಘರ್ಷಣೆ ಗುಣಾಂಕ × ಒತ್ತೋ ಬಲ × ಸರಾಸರಿ ತ್ರಿಜ್ಯ. ಒಂದು ಪ್ಲೇಟ್‌ಗೆ ಮುಖ ಎರಡು.

ಒಂಟಿ ಪ್ಲೇಟ್: 14 ಇಂಚಿಗೆ ಸರಾಸರಿ ತ್ರಿಜ್ಯ 0.144 ಮೀಟರ್, ಸಿಂಟರ್ಡ್ ಪ್ಯಾಡಿಗೆ ಗುಣಾಂಕ 0.35. 2,600 ಹಿಡೀಬೇಕಾದ್ರೆ ಒತ್ತೋ ಬಲ ಸುಮಾರು 26 ಕಿಲೋನ್ಯೂಟನ್ ಬೇಕು. ಫಿಂಗರ್ (ಒತ್ತಡ ಬಿಡಿಸೋ ಲಿವರ್) ಅನುಪಾತ 5ಕ್ಕೆ 1 ಇದ್ರೂ ಅದನ್ನ ಒತ್ತೋ ರಿಲೀಸ್ ಬೇರಿಂಗ್ ಮೇಲೆ 530 ಕೆಜಿ ಬೀಳುತ್ತೆ. ಆ 530 ಕೆಜಿ ಹೋಗೋದು ಎಲ್ಲಿಗೆ? ನೇರ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್‌ಗೆ. ಲೈನಲ್ಲಿ ಹಸಿರು ಬಾವುಟ ಕಾಯ್ತಾ ಕ್ಲಚ್ ಒತ್ತಿಕೊಂಡು ನಿಂತಷ್ಟು ಹೊತ್ತೂ ಅದು ತಿನ್ತಾ ಇರುತ್ತೆ. ಮೊದಲ ದಾರಿ ಇಲ್ಲಿಗೆ ಮುಗೀತು.

ಎರಡು ಪ್ಲೇಟ್: ಮುಖ ನಾಲ್ಕು. ಅದೇ ಗುಣಾಂಕ, ಅದೇ ತ್ರಿಜ್ಯ, 13 ಕಿಲೋನ್ಯೂಟನ್ ಸಾಕು. 2,620 ಬರುತ್ತೆ. ಬೇರಿಂಗ್ ಮೇಲಿನ ಭಾರ ಅರ್ಧ.

ಸ್ಲೈಡರ್: ಮುಖ ಆರು, 11 ಇಂಚಿಗೆ ತ್ರಿಜ್ಯ 0.1175, ಸಿಂಟರ್ಡ್ ಕಬ್ಬಿಣಕ್ಕೆ 0.32 ಹಿಡಿಯೋಣ. ಪ್ರತಿ 1,000 ನ್ಯೂಟನ್ ಒತ್ತಡಕ್ಕೆ 226 ನ್ಯೂಟನ್ ಮೀಟರ್ ಹಿಡಿತ. ಆದ್ರೆ ಇಲ್ಲಿ ಒತ್ತಡ ಸ್ಥಿರ ಅಲ್ಲ. ಉದಾಹರಣೆಗೆ ಆರು ಲಿವರ್, ಒಂದೊಂದರ ತುದಿಯಲ್ಲಿ 60 ಗ್ರಾಂ, 120 ಮಿಮೀ ತ್ರಿಜ್ಯದಲ್ಲಿ, ಲಿವರ್ ಅನುಪಾತ 2ಕ್ಕೆ 1 ಅಂದ್ರೆ 3,000 ಆರ್‌ಪಿಎಂನಲ್ಲಿ ಲಿವರ್‌ಗಳಿಂದಲೇ 8,500 ನ್ಯೂಟನ್ ಒತ್ತಡ. 1,500ಕ್ಕೆ ಬಂದ್ರೆ ಅದು ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ: 2,130. ವೇಗದ ವರ್ಗಕ್ಕೆ ತಕ್ಕ ಹಾಗೆ ಬಲ.

ಈಗ ಸ್ಪ್ರಿಂಗ್ 4,000 ನ್ಯೂಟನ್ ಇಟ್ಟು ನೋಡಿ. 3,000ದಲ್ಲಿ ಹಿಡಿತ 2,800ಕ್ಕೂ ಮೇಲೆ, ಕಾಗದದ ಮೇಲೆ ಬಲು ಚೆಂದ. 2,200ರಲ್ಲಿ? ಲಿವರ್ ಬಲ 4,590ಕ್ಕೆ ಇಳಿದು, ಹಿಡಿತ 1,940. ಎಂಜಿನ್ ಅಲ್ಲಿ ಕೊಡ್ತಿರೋದು 2,000. ಎಂಜಿನ್ ಟಾರ್ಕ್ ಏರೋ ಕಡೆಗೇ ಕ್ಲಚ್ ಹಿಡಿತ ಇಳೀತಿದೆ. ಕೊನೆಯ 50 ಅಡಿಯಲ್ಲಿ ಎಕ್ಸಾಸ್ಟ್ ಸದ್ದು ಗಟ್ಟಿಯಾಗಿಯೇ ಕೇಳ್ತಿರುತ್ತೆ, ಗಾಡಿ ಮಾತ್ರ ನಿಲ್ಲುತ್ತೆ, ಬೆಲ್ ಹೌಸಿಂಗಿಂದ (ಕ್ಲಚ್ ಸುತ್ತಿನ ಕವಚ) ಹೊಗೆ. ಡೀಸೆಲ್ ಗಾಡಿಗೆ ಸ್ಲೈಡರ್ ಹಾಕುವವರು ಎಡವೋ ಜಾಗ ಇದು. ಆಲ್ಕೊಹಾಲಲ್ಲಿ ಓಡೋ ಮಾಡಿಫೈಡ್ ಗಾಡಿಗಳು ಮೇಲಿನ ಆರ್‌ಪಿಎಂ ಬಿಟ್ಟು ಇಳಿಯೋದೇ ಕಡಿಮೆ, ಅವುಗಳ ಸೆಟ್ಟಿಂಗ್ ನಕಲು ಮಾಡಿದ್ರೆ ಇಲ್ಲಿ ಕೆಲಸಕ್ಕೆ ಬರಲ್ಲ.

ಎರೆಹೊಲ

ಸರ, ನಡಬರಕ ಬಾಯಿ ಹಾಕತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ, ಬೆಳಗಾವಿ ಬಾಗಲಕೋಟಿ ಭಾಗದಾಗ, 50 ಎಚ್‌ಪಿ ಗಾಡಿಗೆ ಎರಡು ಟ್ರೇಲರ್ ಕಬ್ಬು ಕಟ್ಟಿ ಫ್ಯಾಕ್ಟರಿಗೆ ಎಳೀತಾರ. ಒಂದು ಹಂಗಾಮಿನಾಗ ಕ್ಲಚ್ ಪ್ಲೇಟ್ ಕರ್ರಗ ಸುಟ್ಟು ಬರತಾವು. ಮೆಕ್ಯಾನಿಕ್‌ರು ಸಿರಾಮಿಕ್ ಪ್ಯಾಡಿಂದು ಹಾಕ್ಸ್ರಿ ಅಂತಾರ. ನಿಮ್ಮ ಈ ಲೆಕ್ಕ ಇದಕ್ಕೂ ನಡೀತದೇನ್ರಿ?

ಬೆಲ್‌ಹೌಸಿಂಗ್

ಎರೆಹೊಲ ಅವ್ರೇ, ನಡೆಯುತ್ತೆ, ಆದ್ರೆ ಉತ್ತರ ಉಲ್ಟಾ ಬರುತ್ತೆ. 50 ಎಚ್‌ಪಿ, 2,100 ಆರ್‌ಪಿಎಂ ಅಂದ್ರೆ 170 ನ್ಯೂಟನ್ ಮೀಟರ್, ಗರಿಷ್ಠ 200 ಅನ್ಕೊಳ್ಳಿ. 280 ಮಿಮೀ ಆರ್ಗ್ಯಾನಿಕ್ ಪ್ಲೇಟ್ ಮೇಲೆ 6,000 ನ್ಯೂಟನ್ ಒತ್ತಡ ಇದ್ರೂ ಹಿಡಿತ 400 ದಾಟುತ್ತೆ. ಎರಡು ಪಟ್ಟು ಹಿಡಿತ ಆಗ್ಲೇ ಇದೆ. ಹಾಗಾದ್ರೆ ಸುಡೋದು ಹಿಡಿತ ಸಾಲದೆ ಅಲ್ಲ, ಅರ್ಧ ಕ್ಲಚ್ಚಲ್ಲಿ ಕಳೆಯೋ ಸಮಯ ಜಾಸ್ತಿ ಆಗಿ. ಫ್ಯಾಕ್ಟರಿ ಸಾಲಲ್ಲಿ ಇಂಚಿಂಚು ಸರಿಯೋದು, ಏರಿನಲ್ಲಿ ಬ್ರೇಕ್ ಬಿಟ್ಟು ಕ್ಲಚ್ ಮೇಲೇ ನಿಲ್ಲಿಸೋದು, ಮೂರನೇ ಗೇರಲ್ಲೇ ಎತ್ತೋದು, ಪೆಡಲ್ ಮೇಲೆ ಕಾಲಿಟ್ಟೇ ಓಡಿಸೋದು. ಪೆಡಲ್ ಫ್ರೀ ಪ್ಲೇ (ಕ್ಲಚ್ ಬಿಡೋಕೆ ಶುರುವಾಗೋ ಮೊದಲಿನ ಖಾಲಿ ಓಟ) ಎಷ್ಟಿದೆ ಅಂತ ಮೊದಲು ಅಳೆದು ನೋಡಿ. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಇರಬೇಕು. ಸೊನ್ನೆ ಆಗಿದ್ರೆ ಯಾವ ಪ್ಲೇಟ್ ಹಾಕಿದ್ರೂ ಸುಡುತ್ತೆ.

ಸಿರಾಮಿಕ್ ಪ್ಯಾಡ್ ಶಾಖ ತಡೆಯುತ್ತೆ ನಿಜ. ಆದ್ರೆ ಎತ್ತುವಾಗ ಗಪ್ ಅಂತ ಕಚ್ಚುತ್ತೆ. ಎರಡು ಟ್ರೇಲರ್ ತುಂಬಿದ ಕಬ್ಬಿನ ಜೊತೆ ಆ ಹೊಡೆತ ಗೇರ್ ಹಲ್ಲಿಗೆ, ಟ್ರೇಲರ್ ಪಿನ್ನಿಗೆ ಹೋಗುತ್ತೆ. ಪಂಜಾಬಿನ ಟೋಚನ್‌ನಲ್ಲಿ ಹಿಂದಕ್ಕೆ ಹಿಂದೆ ಕಟ್ಟಿ ಎಳೆಯೋ ಗಾಡಿಗಳಿಗೆ ಬೇಕಾದ್ದು ಬೇರೆ, ಕಬ್ಬಿನ ಗಾಡಿಗೆ ಬೇಕಾದ್ದು ಬೇರೆ.

ಇನ್ನು ಕೆಂಪುಹುಡ್ ಅವ್ರಿಗೆ. ಟಾರ್ಕ್‌ಲೆಕ್ಕ ಸರ್ ಹೇಳಿದ ಸೂತ್ರ ಸರಿ. ಬಿಚ್ಚಿ ಕಟ್ಟುವಾಗ ಗೊತ್ತಾಗೋ ವಿಷಯಗಳನ್ನ ನಾನು ಸೇರಿಸ್ತೀನಿ.

ಮೊದಲು ಫ್ಲೈವೀಲ್. ಹಳೆಯ ಎರಕದ ಕಬ್ಬಿಣದ್ದು ಇದ್ರೆ ಪ್ಲೇಟಿನ ಮಾತು ಆಮೇಲೆ, ಅದನ್ನ ಮೊದಲು ತೆಗೀರಿ. 2,400ಕ್ಕೆ ಅಂತ ಮಾಡಿದ್ದನ್ನ 3,000ಕ್ಕೆ ತಿರುಗಿಸಿದ್ರೆ ವೇಗ ಕಾಲು ಭಾಗ ಹೆಚ್ಚು, ಒಳಗಿನ ಒತ್ತಡ ಶೇ. 56 ಹೆಚ್ಚು. ಜೊತೆಗೆ ಸ್ಲಿಪ್ ಆದಾಗ ಮುಖ ಕಾದು ಸಣ್ಣ ಸಣ್ಣ ಬಿರುಕು ಬಿಡುತ್ತೆ. ಎರಕದ ಕಬ್ಬಿಣ ಬಾಗಲ್ಲ, ಒಡೆಯುತ್ತೆ. ಒಡೆದ ಚೂರು ಚಾಲಕನ ಮೊಣಕಾಲಿನ ಮಟ್ಟದಲ್ಲಿ ಹೊರಗೆ ಬರುತ್ತೆ. ಎಸ್‌ಎಫ್‌ಐ (ರೇಸಿಂಗ್ ಭಾಗಗಳ ಸುರಕ್ಷತಾ ಮಾನದಂಡದ ಸಂಸ್ಥೆ) ಚೀಟಿ ಇರೋ ಸ್ಟೀಲ್ ಫ್ಲೈವೀಲ್, ಅದೇ ಥರ ಚೀಟಿ ಇರೋ ಕವರ್, ಸುತ್ತ ಸ್ಟೀಲ್ ಶೀಲ್ಡ್ ಅಥವಾ ಬ್ಲ್ಯಾಂಕೆಟ್. ನಿಮ್ಮ ಕ್ಲಾಸಿನ ನಿಯಮ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದು ಕನಿಷ್ಠ ಅಂತ ತಿಳ್ಕೊಳ್ಳಿ. ದುಡ್ಡು ಕಡಿಮೆ ಬಿದ್ರೆ ಪ್ಲೇಟಲ್ಲಿ ಉಳಿಸಿ, ಇಲ್ಲಿ ಬೇಡ.

ಎರಡನೇದು ಹಬ್, ಅಂದ್ರೆ ಶಾಫ್ಟ್ ಮೇಲೆ ಕೂರೋ ಪ್ಲೇಟಿನ ನಡುಭಾಗ. ಹೊಲದ ಗಾಡಿಯ ಪ್ಲೇಟಲ್ಲಿ ಇರೋ ಡ್ಯಾಂಪರ್ ಸ್ಪ್ರಿಂಗ್ ಈ ಟಾರ್ಕ್‌ಗೆ ಮುದುಡಿ ಪೂರ್ತಿ ಕೂತುಬಿಡುತ್ತೆ, ಆಮೇಲೆ ಕಿಟಕಿಯ ಅಂಚು ಸೀಳುತ್ತೆ, ಸ್ಪ್ರಿಂಗ್ ಚೂರು ಪ್ಲೇಟ್ ಮಧ್ಯೆ ಬೀಳುತ್ತೆ. ಗಟ್ಟಿ ಹಬ್ ತಗೊಳ್ಳಿ. ಐಡಲ್‌ನಲ್ಲಿ ಗೇರ್‌ಬಾಕ್ಸ್ ಗಲಗಲ ಅನ್ನುತ್ತೆ, ಅದಕ್ಕೆ ಹೆದರಬೇಡಿ.

ಮೂರನೇದು, ಎರಡು ಪ್ಲೇಟ್ ಹಾಕುವವರು ಮರೆಯೋದು: ಪೆಡಲ್ ಓಟ. ಪೂರ್ತಿ ಬಿಡೋಕೆ ಒಂದೊಂದು ಮುಖಕ್ಕೆ 0.3ರಿಂದ 0.4 ಮಿಮೀ ಗಾಳಿ ಸಂದು ಬೇಕು. ನಾಲ್ಕು ಮುಖಕ್ಕೆ 1.2ರಿಂದ 1.6. ಫಿಂಗರ್ 5ಕ್ಕೆ 1 ಆದ್ರೆ ರಿಲೀಸ್ ಬೇರಿಂಗ್ 6ರಿಂದ 8 ಮಿಮೀ ಸರೀಬೇಕು, ಅದೂ ಫ್ರೀ ಪ್ಲೇ ಮುಗಿದ ಮೇಲೆ. ಹಳೇ ಲಿಂಕೇಜ್ ಹಾಗೇ ಬಿಟ್ಟು ಕಟ್ಟಿದ್ರೆ ಫ್ಲೈವೀಲ್ ಕಡೆಯ ಪ್ಲೇಟ್ ಎಳೀತಾನೇ ಇರುತ್ತೆ. ಗೇರ್ ಹಾಕುವಾಗ ಕರ್ ಅನ್ನುತ್ತೆ, ಲೈನಲ್ಲಿ ನಿಂತಾಗ ಗಾಡಿ ತೆವಳುತ್ತೆ. ಜನ ಅದನ್ನ ಗೇರ್‌ಬಾಕ್ಸ್ ದೋಷ ಅಂತ ಬಿಚ್ಚುತ್ತಾರೆ. ಬಿಚ್ಚೋ ಮೊದಲು ಇನ್ಸ್‌ಪೆಕ್ಷನ್ ಕಿಂಡಿಯಲ್ಲಿ, ಎಂಜಿನ್ ಆಫ್ ಮಾಡಿ, ಪೆಡಲ್ ಒತ್ತಿಸಿ, ಫೀಲರ್ ಗೇಜ್ ಹಾಕಿ ಎರಡೂ ಪ್ಲೇಟಿನ ಸಂದು ನೋಡಿ. ಒಂದು ಕಡೆ 1.2, ಇನ್ನೊಂದು ಕಡೆ ಸೊನ್ನೆ ಇದ್ರೆ ಮಧ್ಯದ ಸ್ಟೀಲ್ ಪ್ಲೇಟ್ ಸ್ಟ್ಯಾಂಡಿಗೆ (ಅದನ್ನ ಹಿಡಿದು ಹಿಂದೆ ಮುಂದೆ ಸರಿಯೋಕೆ ಬಿಡೋ ಕಂಬ) ಸಿಕ್ಕಿಕೊಂಡಿದೆ ಅಂತ. ಸ್ಟ್ಯಾಂಡಿನಲ್ಲಿ ಉಗುರಿಗೆ ಸಿಗೋ ಗೀರು ಬಿದ್ದಿರುತ್ತೆ. ಫೈಲ್ ಹಾಕಿ ನಯ ಮಾಡಬೇಕು, ಆಳ ಆಗಿದ್ರೆ ಸ್ಟ್ಯಾಂಡ್ ಬದಲಿಸಬೇಕು.

ನನ್ನ ಮತ ಎರಡನೇ ದಾರಿಗೆ. ಸ್ಲೈಡರ್ ಒಳ್ಳೇದೇ, ಆದ್ರೆ ಅದನ್ನ ಆಗಾಗ ಬಿಚ್ಚಿ ಪ್ಲೇಟ್ ದಪ್ಪ ಅಳೆಯೋ ತಾಳ್ಮೆ ಇರೋರಿಗೆ. ಪ್ಲೇಟ್ ಸವೆದಂತೆ ಲಿವರ್ ನಿಲ್ಲೋ ಕೋನ ಬದಲಾಗುತ್ತೆ, ಸ್ಪ್ರಿಂಗ್ ಒತ್ತಡವೂ ಬದಲಾಗುತ್ತೆ. ಜೂನ್‌ನಲ್ಲಿ ಇಟ್ಟ ಸೆಟ್ಟಿಂಗ್ ಆಗಸ್ಟ್‌ಗೆ ಇರಲ್ಲ, ಶಿಮ್ (ದಪ್ಪ ಸರಿಹೊಂದಿಸೋ ತೆಳು ತಗಡು) ಹಾಕಿ ವಾಪಸ್ ತರಬೇಕು.

ಕೆಂಪುಹುಡ್

ಇಬ್ಬರಿಗೂ ಧನ್ಯವಾದ. ಡೈನೊ ಹಾಳೆ ಪ್ರಕಾರ ಗರಿಷ್ಠ ಟಾರ್ಕ್ 2,080 ನ್ಯೂಟನ್ ಮೀಟರ್, 2,150 ಆರ್‌ಪಿಎಂನಲ್ಲಿ. ಫ್ಲೈವೀಲ್ ಸ್ಟೀಲಿಂದೇ, ಚೀಟಿ ಇದೆ. ಶೀಲ್ಡ್ ಇದೆ.

ಇನ್ನೆರಡು ಪ್ರಶ್ನೆ. ಎರಡು ಪ್ಲೇಟ್ ಆದ್ರೆ ಲೈನಿಂಗ್ (ಪ್ಲೇಟ್ ಮೇಲಿನ ಘರ್ಷಣೆ ಪದರ) ಯಾವುದು: ಆರ್ಗ್ಯಾನಿಕ್, ಕೆವ್ಲಾರ್, ಸಿಂಟರ್ಡ್? ಮತ್ತೆ, ಗೇರ್ ಆಯ್ಕೆ ಕ್ಲಚ್ ಮೇಲೆ ಎಷ್ಟು ಪರಿಣಾಮ ಮಾಡುತ್ತೆ? 20 ಮೈಲಿ ವೇಗದ ಗೇರ್, 25 ಮೈಲಿಯ ಗೇರ್ ಎರಡೂ ಇವೆ.

ಟಾರ್ಕ್‌ಲೆಕ್ಕ

2,080 ಅಂದ್ರೆ ಅಂದಾಜಿಗಿಂತ ಸ್ವಲ್ಪ ಮೇಲೆ. 13 ಕಿಲೋನ್ಯೂಟನ್ ಎರಡು ಪ್ಲೇಟಿಗೆ ತಣ್ಣಗಿದ್ದಾಗ ಹಿಡಿತ 2,620, ಶೇ. 26 ಮೇಲೆ. ಕಾದು ಗುಣಾಂಕ 0.30ಕ್ಕೆ ಬಿದ್ರೆ 2,246, ಶೇ. 8 ಮಾತ್ರ. 14 ಕಿಲೋನ್ಯೂಟನ್ ಪ್ರೆಶರ್ ಪ್ಲೇಟ್ ಸಿಕ್ಕಿದ್ರೆ ತಗೊಳ್ಳಿ: ತಣ್ಣಗೆ 2,820, ಕಾದಾಗ 2,420. ಇದರ ಮುಖ್ಯ ಗುಣ ಅಂದ್ರೆ 2,150ರಲ್ಲೂ ಅಷ್ಟೇ, 3,000ದಲ್ಲೂ ಅಷ್ಟೇ.

ಅದೇ ಸ್ಲೈಡರ್ ಆಗಿದ್ರೆ, ಮೇಲೆ ಹೇಳಿದ ಲಿವರ್ ಜೊತೆ 4,000 ಸ್ಪ್ರಿಂಗ್‌ಗೆ 2,150ರಲ್ಲಿ 1,890, ಅಂದ್ರೆ ಖಂಡಿತ ಜಾರುತ್ತೆ. 6,000ಕ್ಕೆ 2,340. 7,000ಕ್ಕೆ 2,570. ಅಷ್ಟು ಸ್ಪ್ರಿಂಗ್ ಹಾಕಿದ ಮೇಲೆ ಶುರುವಿನಲ್ಲಿ ನಯವಾಗಿ ಜಾರಿಸಿ ಎತ್ತೋ ಅನುಕೂಲ ಬಹುಪಾಲು ಹೋಗುತ್ತೆ. ಮತ್ತೆ ಯಾಕೆ ಸ್ಲೈಡರ್? 1,000 ಎಚ್‌ಪಿ ದಾಟಿ, ಆರ್‌ಪಿಎಂ 4,000 ಕಡೆ ಹೋದಾಗ ಸ್ಪ್ರಿಂಗ್ ಒಂದರಿಂದ ಆಗೋ ಕೆಲಸ ಅಲ್ಲ, ಆಗ ಲಿವರ್ ಬೇಕೇ ಬೇಕು.

ಮುಂದೆ ಯಾವಾಗಲಾದ್ರೂ ಸ್ಲೈಡರ್‌ಗೆ ಹೋದ್ರೆ ಒಂದು ವಿಷಯ ನೆನಪಿಡಿ. ಪ್ರತಿ ಲಿವರ್‌ಗೆ 10 ಗ್ರಾಂ ನಟ್-ವಾಷರ್ ಸೇರಿಸಿದ್ರೆ 3,000ದಲ್ಲಿ ಹಿಡಿತ 320 ಏರುತ್ತೆ, 1,500ರಲ್ಲಿ 80 ಮಾತ್ರ. ಸ್ಪ್ರಿಂಗ್ ಸ್ಕ್ರೂ ಬಿಗಿ ಮಾಡಿದ್ರೆ ಎಲ್ಲಾ ಆರ್‌ಪಿಎಂನಲ್ಲೂ ಸಮ ಏರುತ್ತೆ. ಎತ್ತುವಾಗ ಜಾಸ್ತಿ ಜಾರಿದ್ರೆ ಸ್ಪ್ರಿಂಗ್ ಮುಟ್ಟಿ, ಮೇಲಿನ ವೇಗದಲ್ಲಿ ಜಾರಿದ್ರೆ ತೂಕ ಮುಟ್ಟಿ. ಎರಡನ್ನೂ ಒಟ್ಟಿಗೆ ಮುಟ್ಟಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಆರೂ ಲಿವರ್‌ಗೆ ಒಂದೇ ತೂಕ. ತಕ್ಕಡಿಯಲ್ಲಿ ತೂಗಿ ಹಾಕಿ, ಇಲ್ಲಾಂದ್ರೆ ಕಂಪನ ಶುರು.

ಗೇರ್ ಪ್ರಶ್ನೆ ಒಳ್ಳೇದು. ಗಾಡಿಯ ತೂಕ 42 ಕಿಲೋನ್ಯೂಟನ್. ಒಳ್ಳೆ ಟ್ರ್ಯಾಕಲ್ಲಿ ಮುಂದಿನ ಗಾಲಿ ಎದ್ದು ಎಲ್ಲ ಭಾರ ಹಿಂದೆ ಬಂದಾಗ ಎಳೆತವೂ ಹೆಚ್ಚುಕಮ್ಮಿ ಅಷ್ಟೇ ಅಂತ ಹಿಡಿಯೋಣ. ಟೈರ್ ತ್ರಿಜ್ಯ 0.88 ಮೀಟರ್, ಹಾಗಾಗಿ ಆ್ಯಕ್ಸಲ್‌ನಲ್ಲಿ 37,000 ನ್ಯೂಟನ್ ಮೀಟರ್. 20 ಮೈಲಿ ಗೇರಲ್ಲಿ ಒಟ್ಟು ಅನುಪಾತ ಸುಮಾರು 30. ನಷ್ಟ ಶೇ. 10 ಕಳೆದ್ರೆ ಕ್ಲಚ್ ಮೇಲೆ ಬೀಳೋದು 1,370. ಅಂದ್ರೆ ಟೈರ್ ಮೊದಲು ಸುತ್ತುತ್ತೆ, ಕ್ಲಚ್ ಬದುಕುತ್ತೆ. 25 ಮೈಲಿ ಗೇರಲ್ಲಿ ಅನುಪಾತ 24, ಕ್ಲಚ್ ಮೇಲೆ 1,710. 2,900ರಲ್ಲಿ ಎಂಜಿನ್ ಕೊಡೋದೇ 1,600. ಹಾಗಾಗಿ ಎಂಜಿನ್ ಕೆಳಗಿಳಿದು 1,710 ಸಿಗೋ ಆರ್‌ಪಿಎಂ ಹುಡುಕಿಕೊಂಡು ಹೋಗುತ್ತೆ, ಸ್ಲೆಡ್ ಇನ್ನೂ ಒತ್ತಿದ್ರೆ 2,150ರ ಆಚೆಗೂ ಬಿದ್ದು ನಿಲ್ಲುತ್ತೆ. ಸಡಿಲ ಟ್ರ್ಯಾಕಿದ್ರೆ 25 ಸರಿ. ಬಿಗಿಯಾಗಿ ಕಚ್ಚೋ ಜೇಡಿ ಟ್ರ್ಯಾಕಿದ್ರೆ 20 ಹಾಕಿ, ಕ್ಲಚ್ಚೂ ಉಳಿಯುತ್ತೆ, ದೂರವೂ ಬರುತ್ತೆ.

ಶಾಖದ ಲೆಕ್ಕವನ್ನೂ ಹೇಳಿಬಿಡ್ತೀನಿ, ಲೈನಿಂಗ್ ಆಯ್ಕೆ ಅದರ ಮೇಲೇ ನಿಂತಿದೆ. ಎತ್ತುವಾಗ 1,800 ನ್ಯೂಟನ್ ಮೀಟರ್‌ನಲ್ಲಿ ಒಂದು ಸೆಕೆಂಡ್ ಜಾರಿದ್ರೆ ಸುಮಾರು 180 ಕಿಲೋಜೂಲ್ ಶಾಖ. 15 ಕೆಜಿ ಸ್ಟೀಲ್ ಅದನ್ನ ಹೀರಿಕೊಂಡು 25 ಡಿಗ್ರಿ ಏರುತ್ತೆ. ಮುಖದ ಮೇಲ್ಮೈ ಕ್ಷಣಕಾಲ ಇನ್ನೂ ಬಿಸಿ, ಆದ್ರೂ ತೊಂದರೆ ಇಲ್ಲ. ಕೊನೆಯಲ್ಲಿ 2,000 ನ್ಯೂಟನ್ ಮೀಟರ್ ಹೊತ್ತು 900 ಆರ್‌ಪಿಎಂ ವ್ಯತ್ಯಾಸದಲ್ಲಿ 5 ಸೆಕೆಂಡ್ ಜಾರಿದ್ರೆ 940 ಕಿಲೋಜೂಲ್. ಸರಾಸರಿಯೇ 130 ಡಿಗ್ರಿ ಏರಿತು, ಮೇಲ್ಮೈಯಂತೂ ನೀಲಿ ಕಲೆ ಬೀಳೋಷ್ಟು. ಶುರುವಿನ ಜಾರಿಕೆ ಕ್ಷಮಿಸಬಹುದು, ಕೊನೆಯದನ್ನ ಆಗಲ್ಲ.

ಬೆಲ್‌ಹೌಸಿಂಗ್

ಲೈನಿಂಗ್ ವಿಷಯ ನಾನು ಹೇಳ್ತೀನಿ.

ಆರ್ಗ್ಯಾನಿಕ್ ನಯವಾಗಿ ಎತ್ತುತ್ತೆ, ಆದ್ರೆ ಒಮ್ಮೆ ಅತಿಯಾಗಿ ಕಾದ್ರೆ ಮೇಲೆ ಗಾಜಿನಂಥ ಹೊಳಪು ಬಂದು ಹಿಡಿತ ಹೋಗುತ್ತೆ. ಮರಳು ಕಾಗದದಲ್ಲಿ ಉಜ್ಜಿದ್ರೆ ಅಲ್ಪಸ್ವಲ್ಪ ವಾಪಸ್ ಬರಬಹುದು. ಈ ಗಾಡಿಗೆ ಬೇಡ. ಕೆವ್ಲಾರ್ ಜಾರಿಕೆ ತಡೆಯುತ್ತೆ, ನಯವಾಗಿಯೂ ಇದೆ. ಮೊದಲು ಹಗುರವಾಗಿ ಓಡಿಸಿ ಕೂರಿಸೋ ಕೆಲಸ ಬಿಟ್ಟು ನೇರ ಸ್ಲೆಡ್ಡಿಗೆ ಕಟ್ಟಿದ್ರೆ ಹಾಳಾಗುತ್ತೆ, ಹಾಳಾದ ಮೇಲೆ ರಿಪೇರಿ ಇಲ್ಲ. ನಿಮಗೆ ಸಿಂಟರ್ಡ್ ಕಂಚಿನ ಪ್ಯಾಡೇ ಸರಿ. ಕಚ್ಚೋದು ಜೋರು, ಅದಕ್ಕೆ ಸ್ಲೆಡ್ಡಿನ ಚೈನ್ ಬಿಗಿ ಮಾಡಿಕೊಂಡೇ ಎತ್ತಬೇಕು. ಚೈನ್ ಸಡಿಲ ಇಟ್ಟು ಕಾಲು ತೆಗೆದ್ರೆ ಆ ಹೊಡೆತ ಇನ್‌ಪುಟ್ ಶಾಫ್ಟ್ ಸ್ಪ್ಲೈನ್‌ಗೆ (ಹಬ್ ಕೂರೋ ಉದ್ದುದ್ದ ಹಲ್ಲು), ರಿಂಗ್ ಗೇರ್‌ಗೆ.

ಪ್ಯಾಡ್ ಎಷ್ಟಿರಬೇಕು ಅಂತ ಕೇಳಲಿಲ್ಲ, ಆದ್ರೂ ಹೇಳ್ತೀನಿ. ಪ್ಯಾಡ್ ಕಡಿಮೆ ಇದ್ರೆ ಹಿಡಿತ ಹೆಚ್ಚು ಅನ್ನೋದು ತಪ್ಪು ನಂಬಿಕೆ. ಮೇಲಿನ ಸೂತ್ರದಲ್ಲಿ ವಿಸ್ತೀರ್ಣ ಎಲ್ಲೂ ಇಲ್ಲ ನೋಡಿ. ಪ್ಯಾಡ್ ಕಡಿಮೆ ಆದ್ರೆ ಸವೆತ ಬೇಗ, ಸ್ಟೀಲ್ ಮೇಲೆ ಶಾಖ ಒಂದೇ ಕಡೆ. ಜಾಗ ಇರೋಷ್ಟೂ ಪ್ಯಾಡ್ ಇರೋ ಪ್ಲೇಟ್ ತಗೊಳ್ಳಿ.

ಕಟ್ಟುವಾಗ:

ಫ್ಲೈವೀಲ್ ಮುಖ ಗ್ರೈಂಡ್ ಮಾಡಿಸಿ. ಮೆಟ್ಟಿಲಿನ ಫ್ಲೈವೀಲ್ ಆದ್ರೆ ಮುಖದಲ್ಲಿ ತೆಗೆದಷ್ಟನ್ನೇ ಕವರ್ ಕೂರೋ ಮೆಟ್ಟಿಲಲ್ಲೂ ತೆಗೀಬೇಕು, ಇಲ್ಲಾಂದ್ರೆ ಸ್ಪ್ರಿಂಗ್ ಒತ್ತಡ ಕಡಿಮೆಯಾಗಿ ಪ್ಲೇಟ್ ಹೊಸದಿದ್ರೂ ಜಾರುತ್ತೆ. ಡಯಲ್ ಗೇಜ್ ಇಟ್ಟು ಮುಖದ ಓಲಾಟ 0.13 ಮಿಮೀ ಒಳಗಿದೆಯಾ ನೋಡಿ. ಬೆಲ್ ಹೌಸಿಂಗ್ ರಂಧ್ರದ ಮಧ್ಯವೂ ಅಷ್ಟರೊಳಗೇ ಇರಬೇಕು. ಎರಡು ಪ್ಲೇಟಿಗೆ ಇದು ಒಂಟಿ ಪ್ಲೇಟಿಗಿಂತ ಮುಖ್ಯ, ಮಧ್ಯ ತಪ್ಪಿದ್ರೆ ಎರಡು ಹಬ್ಬೂ ಸ್ಪ್ಲೈನ್ ಮೇಲೆ ಸಲೀಸಾಗಿ ಸರಿಯಲ್ಲ. ಪೈಲಟ್ ಬೇರಿಂಗ್ ಹೊಸದು ಹಾಕಿ.

ಒಂದೊಂದು ಹಬ್ಬನ್ನೂ ಶಾಫ್ಟ್ ಮೇಲೆ ಕೈಯಲ್ಲೇ ಓಡಿಸಿ ನೋಡಿ. ಎಲ್ಲೂ ಸಿಗಬಾರದು. ಸ್ಪ್ಲೈನ್‌ಗೆ ಗ್ರೀಸ್ ಬಟ್ಟೆಯಲ್ಲಿ ಒರೆಸಿದಷ್ಟು ಮಾತ್ರ. ಜಾಸ್ತಿ ಆದದ್ದು 3,000 ಆರ್‌ಪಿಎಂಗೆ ಹಾರಿ ಪ್ಯಾಡ್ ಮೇಲೇ ಕೂರುತ್ತೆ. ಎರಡು ಪ್ಲೇಟಿನ ಹಬ್ ಉದ್ದನೆ ಭಾಗ ಯಾವ ಕಡೆ ಅಂತ ತಯಾರಕರ ಹಾಳೆ ನೋಡಿಯೇ ಹಾಕಿ. ತಿರುಗುಮುರುಗು ಆದ್ರೆ ಎರಡು ಹಬ್ ಒಂದಕ್ಕೊಂದು ತಾಗಿ, ಪ್ಲೇಟ್ ಒತ್ತಿದ್ರೂ ಪೂರ್ತಿ ಹಿಡಿಯಲ್ಲ. ಹೊರಗಿಂದ ನೋಡಿದ್ರೆ ಎಲ್ಲ ಸರಿಯಾಗೇ ಕಾಣುತ್ತೆ.

ಕವರ್ ಬೋಲ್ಟ್ ಅಡ್ಡಡ್ಡವಾಗಿ, ಅರ್ಧರ್ಧ ಸುತ್ತು ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚ್. ಇಂಪ್ಯಾಕ್ಟ್ ಗನ್ ಬೇಡ, ಕವರ್ ಸೊಟ್ಟ ಆದ್ರೆ ಫಿಂಗರ್ ಎತ್ತರ ಒಂದೊಂದು ಒಂದೊಂದು ಥರ. ಫಿಂಗರ್ ತುದಿಗಳ ಎತ್ತರ ಅಳೆದು, ವ್ಯತ್ಯಾಸ 0.5 ಮಿಮೀ ಒಳಗೆ ತನ್ನಿ.

ಕೆಂಪುಹುಡ್

ಎರಡು ಪ್ಲೇಟ್, ಸಿಂಟರ್ಡ್, 14 ಕಿಲೋನ್ಯೂಟನ್. ಹಾಗೇ ಮಾಡ್ತೀವಿ. ಎಳೆಯುವಾಗ ಕ್ಲಚ್ ಜಾರ್ತಿದೆಯಾ, ಟೈರ್ ಜಾರ್ತಿದೆಯಾ ಅಂತ ಸೀಟಲ್ಲಿ ಕೂತವರಿಗೆ ಗೊತ್ತಾಗಲ್ಲ ಅಲ್ವಾ, ಅದಕ್ಕೇನು ಮಾಡೋದು?

ಟಾರ್ಕ್‌ಲೆಕ್ಕ

ಎರಡು ಸ್ಪೀಡ್ ಸೆನ್ಸರ್, ಒಂದು ಸಣ್ಣ ಡೇಟಾ ಲಾಗರ್. ಒಂದು ಸೆನ್ಸರ್ ಫ್ಲೈವೀಲ್ ರಿಂಗ್ ಗೇರ್ ಹಲ್ಲು ಎಣಿಸಬೇಕು, ಇನ್ನೊಂದು ಕ್ಲಚ್ ಆಚೆಯ ಶಾಫ್ಟ್. ಶಾಫ್ಟ್ ಮೇಲೆ ಹಲ್ಲಿನ ಚಕ್ರ ಹಾಕೋಕೆ ಜಾಗ ಇಲ್ಲಾಂದ್ರೆ ಗೇರ್‌ಬಾಕ್ಸಲ್ಲಿ ಸದಾ ಇನ್‌ಪುಟ್ ಜೊತೆ ತಿರುಗೋ ಗೇರ್ ಎದುರಿಗೆ ರಂಧ್ರ ಮಾಡಿ ಸೆನ್ಸರ್ ಕೂರಿಸಬಹುದು, ಅನುಪಾತ ಲಾಗರ್‌ಗೆ ಹೇಳಿದ್ರಾಯ್ತು. ಸೆಕೆಂಡಿಗೆ 50 ಸಲ ಬರೆದುಕೊಂಡ್ರೆ ಸಾಕು.

ಗ್ರಾಫಲ್ಲಿ ಎರಡು ಗೆರೆ. ಶುರುವಿನಲ್ಲಿ ದೂರ ಇದ್ದು, ಒಂದು ಒಂದೂವರೆ ಸೆಕೆಂಡಲ್ಲಿ ಸೇರಿಕೊಂಡು, ಕೊನೆವರೆಗೂ ಒಂದರ ಮೇಲೊಂದು ಹೋದ್ರೆ ಕ್ಲಚ್ ಸರಿ ಇದೆ. ದೂರ ಬರದಿದ್ರೆ ತಪ್ಪು ಟೈರಲ್ಲಿ, ಗೇರಲ್ಲಿ ಅಥವಾ ಮುಂದಿನ ತೂಕದಲ್ಲಿ ಹುಡುಕಿ. ಸೇರಿದ ಗೆರೆ 2,300 ಹತ್ತಿರ ಮತ್ತೆ ಬೇರೆಯಾದ್ರೆ ಒತ್ತಡ ಸಾಲದು. ಸೇರೋಕೇ ಎರಡೂವರೆ ಮೂರು ಸೆಕೆಂಡ್ ತಗೊಂಡ್ರೆ ಪೆಡಲ್ ನಿಧಾನ ಬಿಡ್ತಿದ್ದಾರೆ ಅಥವಾ ಫ್ರೀ ಪ್ಲೇ ಮುಗಿದಿದೆ. 0.2 ಸೆಕೆಂಡಲ್ಲೇ ಸೇರಿ ಎಂಜಿನ್ 1,800ಕ್ಕೆ ಕುಸಿದು ಟರ್ಬೊ ಬೂಸ್ಟ್ ಬಿದ್ರೆ ತೀರಾ ಜೋರಾಗಿ ಕಚ್ಚಿದೆ. ಎತ್ತೋ ಆರ್‌ಪಿಎಂ ಸ್ವಲ್ಪ ಹೆಚ್ಚಿಸಿ, ಪೆಡಲ್ ನಿಧಾನ ಬಿಡಿ. ಪ್ಲೇಟ್ ಬದಲಿಸೋಕೆ ಹೋಗಬೇಡಿ.

ಬೆಲ್‌ಹೌಸಿಂಗ್

ಲಾಗರ್ ಬರೋವರೆಗೆ: ಎಳೆದು ಮುಗಿದ ಮೇಲೆ ಕ್ಲಚ್ ಒತ್ತಿಕೊಂಡು ನಿಲ್ಲಬೇಡಿ. ಕೊಕ್ಕೆ ಬಿಡಿಸಿದ ಮೇಲೆ ನ್ಯೂಟ್ರಲ್ ಮಾಡಿ, ಪೆಡಲ್ ಬಿಟ್ಟು, ಐದು ನಿಮಿಷ ಐಡಲ್ ಓಡಿಸಿ. ಪ್ಲೇಟ್‌ಗಳು ಒತ್ತಿಕೊಂಡೇ ತಿರುಗ್ತಾ ತಣ್ಣಗಾದ್ರೆ ಮಧ್ಯದ ಸ್ಟೀಲ್ ಸೊಟ್ಟಗಾಗೋ ಸಂಭವ ಕಡಿಮೆ, ಟರ್ಬೊಗೂ ಒಳ್ಳೇದು. ಮನೆಗೆ ಬಂದ ಮೇಲೆ, ಎಂಜಿನ್ ಆಫ್ ಮಾಡಿ, ಕಿಂಡಿ ತೆಗೆದು ಟಾರ್ಚ್ ಹಾಕಿ ಪ್ಲೇಟ್ ಅಂಚಿನ ಬಣ್ಣ ನೋಡಿ. ಒಣಹುಲ್ಲಿನ ಹಳದಿ ಬಣ್ಣ ಇದ್ರೆ ಪರವಾಗಿಲ್ಲ. ಒಂದೇ ಕಡೆ ನೀಲಿ ಇದ್ರೆ ಮುಖ ಸಮ ಕೂತಿಲ್ಲ, ಪೂರ್ತಿ ನೀಲಿ ಇದ್ರೆ ಜಾರಿದೆ. ನೀಲಿ ಆದ ಮಧ್ಯದ ಪ್ಲೇಟ್ ಬಿಚ್ಚಿ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ, 0.2 ಮಿಮೀಗಿಂತ ಜಾಸ್ತಿ ಬಟ್ಟಲಿನಂತೆ ಬಾಗಿದ್ರೆ ಗ್ರೈಂಡಿಂಗ್‌ಗೆ ಕಳಿಸಿ. ಗ್ರೈಂಡ್ ಮಾಡಿದಷ್ಟು ದಪ್ಪಕ್ಕೆ ಶಿಮ್ ಲೆಕ್ಕ ಹಾಕೋದು ಮರೀಬೇಡಿ.